ಸೇವಂತಿಗೆ ಉಂಡು ಮುಗಿಸುವವರೆಗೆ

ಬಂದವರೆಲ್ಲ ಹೂವು ತಂದರು. ಬಂದವರೆಲ್ಲ ಉಂಡರು. ಬೇಯಿಸಿ ಹಾಕಿದ ಈರನಾಗಮ್ಮನಿಗೆ ಮಾತ್ರ ಒಂದು ಬಿಸಿ ಮುದ್ದೆಯನ್ನು ಕೂತು ಉಣ್ಣಲು ಬಿಡಲಿಲ್ಲ. ಇದು ತಪ್ಪು. ರಾಜ ಮಾಡಿದ್ದು ತಪ್ಪು, ಮಂತ್ರಿ ಮಾಡಿದ್ದು ತಪ್ಪು, ಊರು ಮಾಡಿದ್ದು ತಪ್ಪು. ಹೂವಿನದೂ ತಪ್ಪೇ, ಆದರೆ ಅದರದು ಸ್ವಲ್ಪ ಕಡಿಮೆ.

ನನಗೆ ಈ ಕತೆ ಹೇಳಿ ಹೇಳಿ ಸಾಕಾಗಿದೆ. ಕೇಳಿದವರು ನಗುತ್ತಾರೆ, ಮೈ ಮುರಿಯುತ್ತಾರೆ, ಎದ್ದು ಹೋಗುತ್ತಾರೆ. ಆದರೂ ಇನ್ನೊಂದು ಸಲ ಹೇಳುತ್ತೇನೆ. ಬೆಂಕಿಯ ಹತ್ತಿರ ಸರಿಯಿರಿ. ಹೂಂಗುಟ್ಟುವವರು ಹೂಂಗುಟ್ಟಿ. ನಿದ್ದೆ ಬಂದವರು ಮಲಗಿ, ಗೊರಕೆ ಹೊಡೆಯಬೇಡಿ.

ಒಂದಾನೊಂದು ಊರಿನಲ್ಲಿ ಒಬ್ಬ ರಾಜನಿದ್ದ. ಮೊಗ್ಗರಾಯ ಅಂತ ಅವನ ಹೆಸರು. ಅವನಿಗೆ ಅರಮನೆಯಿತ್ತು. ಅರಮನೆಯಲ್ಲಿ ಅಡುಗೆಮನೆಯಿತ್ತು. ಅಡುಗೆಮನೆಯಲ್ಲಿ ಅಡುಗೆಯೂ ಇತ್ತು. ಆದರೆ ಅವನಿಗೆ ಬೇರೆಯವರ ಮನೆಯ ಊಟವೇ ರುಚಿ. ದಿನಕ್ಕೊಂದು ಮನೆಗೆ ಹೋಗಿ ಉಂಡು ಬರುತ್ತಿದ್ದ. ಹಾಗೆ ಒಂದು ದಿನ ಒಂದು ಮನೆಗೆ ಹೋದಾಗ, ಜಗಲಿಯ ಮೇಲೆ ಕೂತಿದ್ದ ಬೊಚ್ಚುಬಾಯಿಯ ಮುದುಕಿ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಏನ್ ಸ್ವಾಮಿ, ಕೈಬೀಸ್ಕೊಂಡು ಬಂದ್ಬಿಟ್ರಲ್ಲ!" ಅಂದಳು.

ರಾಜ ತನ್ನ ಕೈ ನೋಡಿಕೊಂಡ. ಹೌದು, ಬೀಸಾಡುತ್ತಿದ್ದವು. ಎರಡೂ ಖಾಲಿ. ಆ ದಿನದಿಂದ ಅವನಿಗೆ ಯುದ್ಧ ಬೇಡವಾಯಿತು, ಬೇಟೆ ಬೇಡವಾಯಿತು. ಕೆರೆ ಒಡೆದಿದೆ ಅಂತ ರೈತರು ಬಂದರೆ, "ಕೆರೆ ಇರಲಿ, ನನ್ನ ಕೈ ನೋಡಿ" ಅನ್ನುತ್ತಿದ್ದ. ಒಂದು ಕೈಯಿಂದ ಇನ್ನೊಂದು ಕೈಯನ್ನು ಹಿಡಿದುಕೊಂಡು ಓಡಾಡುತ್ತಿದ್ದ. ಹಿಡಿದ ಕೈ ತುಂಬಿರುತ್ತಿತ್ತು. ಹಿಡಿಸಿಕೊಂಡ ಕೈ ಖಾಲಿಯೇ ಇರುತ್ತಿತ್ತು.

ಕೊನೆಗೆ ಸಭೆ ಕರೆದ. "ನೆಂಟರಾಗಿ ಹೋಗುವವರು ಕೈಯಲ್ಲಿ ಏನು ಹಿಡಿದು ಹೋಗಬೇಕು? ಹೇಳಿ" ಅಂದ.

ಸೇನಾಪತಿ ಎದ್ದು, "ರಾಗಿ ಸ್ವಾಮಿ. ಒಂದು ಸೇರು ರಾಗಿ" ಅಂದ.

ಮಂತ್ರಿ ಗವಿರಂಗಪ್ಪ ತಲೆ ಅಲ್ಲಾಡಿಸಿದ. "ರಾಗಿ ತಗೊಂಡು ಹೋದ್ರೆ ಅದು ಸಹಾಯ ಆಗುತ್ತೆ. ನೆಂಟಸ್ತನದಲ್ಲಿ ಸಹಾಯ ಮಾಡಿದ್ರೆ ಅವಮಾನ."

"ಸೌದೆ?"

"ಉರಿದು ಹೋಗುತ್ತೆ. ಕೊಟ್ಟಿದ್ದು ಕಣ್ಣಿಗೆ ಕಾಣ್ತಾ ಇರಬೇಕು."

"ಬಾಳೆಹಣ್ಣು?"

"ತಿಂದುಬಿಡ್ತಾರೆ."

ಹಿಂದಿನ ಸಾಲಿನಿಂದ ಯಾರೋ ಒಬ್ಬ, "ಹೋದವರು ಎರಡು ಕೊಡ ನೀರು ಸೇದಿ ಕೊಟ್ಟರೆ ಆಗಲ್ವಾ?" ಅಂದ. ಸಭೆಯೆಲ್ಲ ತಿರುಗಿ ನೋಡಿತು. ಅವನನ್ನು ಎತ್ತಿ ಹೊರಗೆ ಹಾಕಿದರು. ಅವನ ಹೆಸರು ಯಾರೂ ಬರೆದಿಡಲಿಲ್ಲ.

ಆಮೇಲೆ ಮಂತ್ರಿ ಹೇಳಿದ: "ಹೂವು, ಸ್ವಾಮಿ. ತಿನ್ನೋಕಾಗಲ್ಲ. ಬೇಯಿಸೋಕಾಗಲ್ಲ. ಹೊದೆಯೋಕಾಗಲ್ಲ. ಯಾವ ಉಪಯೋಗಕ್ಕೂ ಬರಲ್ಲ, ಆದ್ರಿಂದ ಸಹಾಯ ಅನ್ನೋ ಅಪವಾದ ಇಲ್ಲ. ನಾಳೆ ಬಾಡುತ್ತೆ, ಆದ್ರಿಂದ ನಾಳೆ ಮತ್ತೆ ಹೋಗಬಹುದು."

"ಭೇಷ್!" ಅಂದ ರಾಜ. ಒಂದು ಕೈ ಇನ್ನೊಂದನ್ನು ಬಿಟ್ಟಿತು.

ಡಂಗುರ ಹೊಡೆದರು. ಹೊಸಿಲು ದಾಟಿ ಬರುವ ನೆಂಟರೆಲ್ಲ ಹೂವು ತರಬೇಕು. ತಂದ ಹೂವನ್ನು ಅಡುಗೆ ಮಾಡುವವಳೇ ಬಂದು ಎರಡೂ ಕೈಯಲ್ಲಿ ಈಸಿಕೊಳ್ಳಬೇಕು, ಯಾಕೆಂದರೆ ಉಣ್ಣಲು ಹಾಕುವವಳು ಅವಳೇ. ಈಸಿಕೊಂಡು, "ಅಯ್ಯೋ, ಇದೆಲ್ಲ ಯಾಕೆ ತರೋಕೆ ಹೋದ್ರಿ" ಅಂತ ಮೂರು ಸಲ ಹೇಳಬೇಕು. ಹೂವನ್ನು ನೀರಿನಲ್ಲಿ ಇಡಬೇಕು. ಆಮೇಲೆ ಒಲೆಯ ಹತ್ತಿರ ಹೋಗಬಹುದು.

ನೆಂಟರು ಉಂಡು ಮುಗಿಸುವವರೆಗೆ ಮನೆಯಾಕೆ ತುತ್ತು ಎತ್ತಬಾರದು ಅಂತ ಇನ್ನೊಂದು ಕಟ್ಟಳೆಯೂ ಇತ್ತು. ಅದಕ್ಕೆ ಡಂಗುರ ಬೇಕಿರಲಿಲ್ಲ. ಅದು ಮೊದಲಿನಿಂದಲೂ ಇತ್ತು. ಯಾರು ಮಾಡಿದ್ದು ಅಂತ ಯಾರಿಗೂ ಗೊತ್ತಿರಲಿಲ್ಲ. ಉಂಡವರೇ ಮಾಡಿರಬೇಕು.

ಈಗ ಈರನಾಗಮ್ಮ. ನಾಲ್ಕು ದಾರಿ ಕೂಡುವ ಕಡೆ ಅವಳ ಮನೆ. ಯಾವ ದಾರಿಯಲ್ಲಿ ಬಂದರೂ ಅವಳ ಬಾಗಿಲೇ ಸಿಗುತ್ತಿತ್ತು. ಬಾಗಿಲಲ್ಲಿ ಅವಳ ಗಂಡ ಓಬಯ್ಯ ನಿಂತಿರುತ್ತಿದ್ದ. ಅವನಿಗೆ ಒಂದೇ ಕೆಲಸ. "ಬನ್ನಿ ಬನ್ನಿ, ಊಟ ಮಾಡ್ಕೊಂಡೇ ಹೋಗಿ" ಅನ್ನುವುದು. ಆ ಕೆಲಸವನ್ನು ಅವನು ಬಹಳ ಚೆನ್ನಾಗಿ ಮಾಡುತ್ತಿದ್ದ. ಊರೆಲ್ಲ ಅವನನ್ನು ಧಾರಾಳಿ ಅನ್ನುತ್ತಿತ್ತು.

ಒಳಗೆ ಈರನಾಗಮ್ಮ ಮುದ್ದೆ ತಿರುವುತ್ತಿದ್ದಳು. ಮುದ್ದೆ ಮಾಡುವುದು ಗೊತ್ತಿಲ್ಲದವರು ಕೇಳಿಸಿಕೊಳ್ಳಿ. ನೀರು ಕುದಿಯಬೇಕು. ರಾಗಿಹಿಟ್ಟು ಬೀಳಬೇಕು. ಕವೆಗೋಲನ್ನು ಪಾತ್ರೆಯ ಕಂಠಕ್ಕೆ ಕೊಟ್ಟು, ಅದರ ಮೇಲೆ ಕಾಲಿಟ್ಟು, ಮುದ್ದೆ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ತಿರುವಬೇಕು. ನಿಲ್ಲಿಸಬಾರದು. ಕೆಮ್ಮು ಬಂದರೂ ನಿಲ್ಲಿಸಬಾರದು, ಕಣ್ಣಿಗೆ ಹೊಗೆ ಹೋದರೂ ನಿಲ್ಲಿಸಬಾರದು. ನಿಲ್ಲಿಸಿದರೆ ಹಿಟ್ಟು ಗಂಟು ಕಟ್ಟುತ್ತದೆ. ಮುದ್ದೆಗೆ ಕಾಯುವ ಗುಣವಿಲ್ಲ.

ಅವಳು ರಾಜ್ಯ ಕೇಳಿದವಳಲ್ಲ, ಒಡವೆ ಕೇಳಿದವಳಲ್ಲ. ಒಂದು ದಿನ, ಒಂದೇ ದಿನ, ಒಂದು ಮುದ್ದೆಯನ್ನು ಬಿಸಿಯಾಗಿರುವಾಗಲೇ, ಕೂತುಕೊಂಡು, ಕಾಲು ಚಾಚಿಕೊಂಡು, ನಿಧಾನವಾಗಿ ನುಂಗಬೇಕು. ಇಷ್ಟೇ ಅವಳ ಆಸೆ. ಕಾಯ್ದೆ ಬರುವ ಮುಂಚೆಯೂ ಅದು ಅಷ್ಟು ಸುಲಭವಿರಲಿಲ್ಲ. ಕಾಯ್ದೆ ಬಂದ ಮೇಲೆ ಏನಾಯಿತು ಕೇಳಿ.

ಮೊದಲನೆಯ ದಿನ ಚೌಡಪ್ಪ ಬಂದ. ಅವನು ಓಬಯ್ಯನಿಗೆ ದೂರದ ನೆಂಟ. ಎಷ್ಟು ದೂರ ಅಂದರೆ, ನೆಂಟಸ್ತನ ಯಾವ ಕಡೆಯಿಂದ ಅನ್ನುವುದು ಇಬ್ಬರಿಗೂ ಮರೆತುಹೋಗಿತ್ತು. ಅವನ ಕೈಯಲ್ಲಿ ಒಂದು ಹಳದಿ ಸೇವಂತಿಗೆ.

"ಅತ್ತಿಗೇ! ಹೂವು ತಂದಿದೀನಿ!"

"ಅಲ್ಲೇ ಇಡಪ್ಪ, ಹಿಟ್ಟು ಬಿದ್ದಿದೆ, ಕೈ ಬಿಡುವಿಲ್ಲ" ಅಂದಳು ಈರನಾಗಮ್ಮ ಒಳಗಿಂದ.

"ಅಲ್ಲೇ ಅಂದ್ರೆ ಎಲ್ಲಿ? ನೀನೇ ಬಂದು ಎರಡೂ ಕೈಲಿ ಈಸ್ಕೊಬೇಕು. ರಾಜಾಜ್ಞೆ ಕೇಳಿಸ್ಲಿಲ್ವಾ?"

"ಒಂದು ಚಣ ತಡ್ಕೊ."

"ನಾನು ತಡ್ಕೊತೀನಿ, ಹೂವು ತಡ್ಕೊಳಲ್ಲ. ಬಾಡುತ್ತೆ."

ಅವಳು ಕೋಲು ಬಿಟ್ಟಳು. ಬಂದಳು. ಎರಡೂ ಕೈಯಲ್ಲಿ ಈಸಿಕೊಂಡಳು. ಅಯ್ಯೋ ಇದೆಲ್ಲ ಯಾಕೆ ತರೋಕೆ ಹೋದ್ರಿ, ಅಯ್ಯೋ ಇದೆಲ್ಲ ಯಾಕೆ ತರೋಕೆ ಹೋದ್ರಿ, ಅಯ್ಯೋ ಇದೆಲ್ಲ ಯಾಕೆ ತರೋಕೆ ಹೋದ್ರಿ. ತಂಬಿಗೆಯಲ್ಲಿ ನೀರು ಹಾಕಿ ಹೂವು ಇಟ್ಟಳು. ಓಡಿ ಹೋದಳು. ಮುದ್ದೆ ಗಂಟು ಕಟ್ಟಿತ್ತು. ನೆಲ್ಲಿಕಾಯಿಯಷ್ಟು ದಪ್ಪದ ಗಂಟುಗಳು.

ಚೌಡಪ್ಪ ಉಂಡ. ಉಂಡು, "ಯಾಕೋ ನಿನ್ನ ಕೈ ಕೆಟ್ಟಿದೆ ಅತ್ತಿಗೆ" ಅಂದ. ಓಬಯ್ಯನೂ ಉಂಡ. "ಹೌದು, ಮೊದಲಿನ ಹಾಗಿಲ್ಲ" ಅಂದ. ಇಬ್ಬರೂ ಜಗಲಿಗೆ ಹೋಗಿ ಮಲಗಿದರು. ಈರನಾಗಮ್ಮ ತನ್ನ ಪಾಲಿನ ಮುದ್ದೆ ತಟ್ಟೆಗೆ ಹಾಕಿಕೊಂಡಳು. ಇನ್ನೂ ಬಿಸಿಯಿತ್ತು. ಗಂಟಿದ್ದರೂ ಬಿಸಿಯಿತ್ತು. ಇನ್ನೇನು ಕೂರಬೇಕು.

"ನನ್ನ ಎಲೆ ಎಲ್ಲಿ?" ಅಂತು ಸೇವಂತಿಗೆ.

ಯಾರದು ನಕ್ಕಿದ್ದು? ಹೂವು ಮಾತಾಡುತ್ತದೆಯೇ ಅಂತಲೇ? ಅಂಥ ರಾಜ ಮಾತಾಡುವ ಊರಿನಲ್ಲಿ ಹೂವು ಮಾತಾಡಿದರೆ ಏನು ಹೆಚ್ಚು? ಕೇಳಿ.

"ನಿನಗೆ ಯಾತರ ಎಲೆ?" ಅಂದಳು ಅವಳು.

"ನಾನು ಹೊಸಿಲು ದಾಟಿ ಬಂದೆನೋ ಇಲ್ಲವೋ?"

"ಬಂದೆ."

"ಹೊಸಿಲು ದಾಟಿ ಬಂದವರು ಯಾರು?"

"ನೆಂಟರು."

"ನೆಂಟರಿಗೆ ಎಲೆ ಹಾಕೋದು ಬಿಟ್ಟು ನೀನು ಉಣ್ಣೋಕೆ ಕೂರ್ತಿಯಾ?"

ದಣಿದವರ ಜೊತೆ ವಾದ ಮಾಡಿ ಗೆಲ್ಲುವುದು ಸುಲಭ. ಹೂವಿಗೂ ಅದು ಗೊತ್ತಿತ್ತು. ಈರನಾಗಮ್ಮ ಎಲೆ ಹಾಕಿದಳು. ಮುದ್ದೆ ಇಟ್ಟಳು. ಸಾರು ಬಿಟ್ಟಳು.

"ಉಣ್ಣು."

"ನಾನು ಉಣ್ಣಲ್ಲ. ನನಗೆ ಬಾಯಿಲ್ಲ."

"ಬಾಯಿಲ್ದೆ ಹೆಂಗೆ ಮಾತಾಡ್ತಿದೀಯಾ?"

"ಅದು ಬೇರೆ ಬಾಯಿ."

"ಹಂಗಾದ್ರೆ ಎಲೆ ತೆಗೀತೀನಿ."

"ನೆಂಟರು ಉಂಡು ಮುಗಿಸೋ ಮುಂಚೆ ಎಲೆ ತೆಗೆಯೋದಾ? ಎಂಥ ಮನೆ ಇದು!"

"ಮುಗಿಸು ಮತ್ತೆ."

"ಶುರು ಮಾಡದೆ ಹೇಗೆ ಮುಗಿಸಲಿ?"

"ಶುರು ಮಾಡು."

"ಬಾಯಿಲ್ಲವಲ್ಲ."

ಈರನಾಗಮ್ಮ ಕಾದಳು. ಮಧ್ಯಾಹ್ನ ಇಳಿಯಿತು. ತಟ್ಟೆಯಲ್ಲಿದ್ದ ಮುದ್ದೆ ತಣ್ಣಗಾಯಿತು. ಮೇಲೆ ಸಿಪ್ಪೆ ಕಟ್ಟಿತು. ಗುಂಡುಕಲ್ಲಿನ ಹಾಗಾಯಿತು. ಓಬಯ್ಯ ಒಂದು ನಿದ್ದೆ ಮುಗಿಸಿ ಬಂದು, "ಊಟ ಆಯ್ತಾ?" ಅಂತ ಕೇಳಿದ.

"ಸೇವಂತಿಗೆದು ಇನ್ನೂ ಆಗಿಲ್ಲ."

"ಅಯ್ಯೋ ಪಾಪ" ಅಂದ ಓಬಯ್ಯ. ಹೂವಿನ ಕಡೆ ನೋಡಿ ಅಂದ.

ಅವತ್ತು ಅವಳು ತಿಂದದ್ದು ಪಾತ್ರೆಯ ತಳದಲ್ಲಿ ಹಿಡಿದಿದ್ದ ಸೀಕಲು. ನಿಂತುಕೊಂಡೇ ಕೆರೆದು ತಿಂದಳು. ನಿಂತು ತಿಂದರೆ ಅದು ಊಟವಲ್ಲ, ಆದ್ದರಿಂದ ತಪ್ಪೂ ಅಲ್ಲ.

ಮಾರನೆಯ ದಿನ ಸೇವಂತಿಗೆಗೆ ಒಂದು ವಿಷಯ ಹೊಳೆಯಿತು. ತಾನು ನೆಂಟ. ನೆಂಟರು ಹೂವು ತರಬೇಕು. ತಾನು ಬರಿಗೈಯಲ್ಲಿ ಬಂದುಬಿಟ್ಟಿದೆ! ಅದಕ್ಕೆ ನಾಚಿಕೆಯಾಯಿತು. ಬೇಲಿಯಲ್ಲಿದ್ದ ಒಂದು ತುಂಬೆಹೂವನ್ನು ಕೂಗಿ ಕರೆದು ಉಡುಗೊರೆ ಕೊಟ್ಟಿತು. ಈರನಾಗಮ್ಮ ಕೋಲು ಬಿಟ್ಟು ಬಂದು ಎರಡೂ ಕೈಯಲ್ಲಿ ಈಸಿಕೊಂಡಳು. ಮೂರು ಸಲ ಅಯ್ಯೋ ಅಂದಳು. ಲೋಟದಲ್ಲಿ ಇಟ್ಟಳು. ಈಗ ತುಂಬೆಹೂವು ಹೊಸಿಲು ದಾಟಿ ಬಂದಿತ್ತು. ಅದೂ ನೆಂಟ. ಅದು ಒಂದು ಹುಲ್ಲುಹೂವು ತಂದಿತು. ಎರಡು ಕೈ, ಮೂರು ಅಯ್ಯೋ, ಒಂದು ಚೆಂಬು. ಹುಲ್ಲುಹೂವೂ ನೆಂಟ. ಅದು ತಂದ ಹೂವು ಕಣ್ಣಿಗೇ ಕಾಣಲಿಲ್ಲ.

"ಎಲ್ಲಿದೆ?" ಅಂದಳು ಅವಳು.

"ಇಲ್ಲೇ ಇದೆ. ಈಸ್ಕೊ."

ಅವಳು ಗಾಳಿಯಲ್ಲಿ ಎರಡೂ ಕೈ ಚಾಚಿದಳು. ಮೂರು ಸಲ ಅಯ್ಯೋ ಅಂದಳು. ಅದನ್ನು ಯಾವುದರಲ್ಲಿ ಇಡಬೇಕು ಅಂತ ಗೊತ್ತಾಗದೆ ಮಂತ್ರಿಗೆ ಹೇಳಿ ಕಳುಹಿಸಿದರು. ಗವಿರಂಗಪ್ಪ ತಾನೇ ಬಂದು, ಕನ್ನಡಕ ಹಾಕಿಕೊಂಡು ನೋಡಿ, "ಕಾಣದ ಹೂವಿಗೆ ಎಲ್ಲಕ್ಕಿಂತ ದೊಡ್ಡ ಪಾತ್ರೆಯೇ ಬೇಕು. ಎಲ್ಲಿ ಕೂತಿದೆಯೋ ಗೊತ್ತಾಗಲ್ಲ ನೋಡಿ, ಒಂದು ಪಕ್ಕ ಒಣಗಿಬಿಟ್ಟರೆ?" ಅಂದ. ನೀರೊಲೆಯ ಹಂಡೆ ಕಾಣದ ಹೂವಿಗೆ ಹೋಯಿತು.

ಒಬ್ಬ ನೆಂಟನಿಗೆ ನಾಲ್ಕು ಪಾತ್ರೆ. ದಿನಕ್ಕೆ ಮೂವರು ನೆಂಟರು. ತಂಬಿಗೆ ಹೋಯಿತು, ಲೋಟ ಹೋಯಿತು, ಚೆಂಬು ಹೋಯಿತು, ಕೊಡ ಹೋಯಿತು, ಬೋಗುಣಿ ಹೋಯಿತು. ಒರಳಿನ ಗುಂಡಿಗೂ ನೀರು ಹಾಕಿ ಕನಕಾಂಬರ ಇಟ್ಟರು. ಓಬಯ್ಯ ಬಾಯಾರಿ ತಂಬಿಗೆಗೆ ಕೈ ಹಾಕಿದರೆ ಸೇವಂತಿಗೆ, "ನಾನು ಸ್ನಾನ ಮಾಡ್ತಾ ಇದೀನಿ, ಕಣ್ಣು ಕಾಣಲ್ವಾ?" ಅಂತ ಬೈಯಿತು. ಊರಿನ ಮನೆ ಮನೆಯಲ್ಲೂ ಇದೇ ಕತೆ. ಈರನಾಗಮ್ಮನ ಮನೆಯಲ್ಲಿ ಕೊನೆಗೆ ಉಳಿದದ್ದು ಒಂದೇ. ಮುದ್ದೆ ಪಾತ್ರೆ.

ಹನ್ನೆರಡನೆಯ ದಿನ ಚೌಡಪ್ಪ ಮತ್ತೆ ಬಂದ. ಈ ಸಲ ಒಂದು ಬುಟ್ಟಿ ಹೂವು. ಮುದ್ದೆ ಪಾತ್ರೆಯನ್ನು ನೋಡಿ, "ಅದು ಖಾಲಿ ಇದೆಯಲ್ಲ, ಅದರಲ್ಲಿ ಇಡು" ಅಂದ.

"ಅದರಲ್ಲಿ ಇಟ್ರೆ ಮುದ್ದೆ ಯಾತರಲ್ಲಿ ಮಾಡ್ಲಿ?"

"ಮುದ್ದೆ ಆಮೇಲೆ ಮಾಡು. ಮೊದಲು ಹೂವು."

"ಮುದ್ದೆ ಇಲ್ದೆ ನೀನೇನು ಉಣ್ತೀಯಾ?"

"ಊಟ ಇಲ್ವಾ?" ಚೌಡಪ್ಪನ ಕಣ್ಣು ದೊಡ್ಡದಾಯಿತು. "ಇಷ್ಟೊಂದು ಹೂವು ತಂದಿದೀನಿ, ಊಟ ಇಲ್ವಾ? ಏನಪ್ಪ ಓಬಯ್ಯ, ನಿನ್ನ ಮನೆ ಮರ್ಯಾದೆ ಎಲ್ಲಿಗೆ ಬಂತು!"

ಆಗ ಮುದ್ದೆ ಪಾತ್ರೆ ಮಾತಾಡಿತು. ಅದಕ್ಕೂ ಹೊಟ್ಟೆ ಉರಿದಿತ್ತು. "ಈರನಾಗಮ್ಮ, ನಾನು ಬೆಂಕಿ ಮೇಲೆ ಬೆಳೆದವಳು. ನನ್ನೊಳಗೆ ತಣ್ಣೀರು ಹಾಕಿ ಮೂಲೆಯಲ್ಲಿ ಕೂರಿಸಬೇಡ. ಹಾಗೆ ಕೂತ ಪಾತ್ರೆ ಆಮೇಲೆ ಕುದಿಯೋದನ್ನೇ ಮರೆತುಬಿಡುತ್ತೆ. ನನ್ನನ್ನ ಎತ್ಕೊ. ನಡಿ" ಅಂತು.

ಅವಳು ಪಾತ್ರೆಯನ್ನು ಸೊಂಟಕ್ಕೆ ಎತ್ತಿಕೊಂಡಳು. ನಡೆದಳು.

"ಎಲ್ಲಿಗೆ ಹೊರಟೆ? ಮನೇಲಿ ನೆಂಟರಿದಾರೆ" ಅಂದ ಓಬಯ್ಯ.

"ಅರಮನೆಗೆ. ನೆಂಟರ ಹತ್ರ ನೀನಿರು."

"ನಾನು ಬನ್ನಿ ಅನ್ನೋನು ಕಣೇ. ಬಂದ ಮೇಲೆ ಏನು ಮಾಡ್ಬೇಕೋ ನನಗೆ ಗೊತ್ತಿಲ್ಲ."

"ಹೋಗಿ ಅನ್ನು."

ಓಬಯ್ಯ ಬಾಯಿ ತೆರೆದ. ಆ ಮಾತು ಅವನಿಗೆ ಬರುತ್ತಿರಲಿಲ್ಲ. ತೆರೆದ ಬಾಯಿ ತೆರೆದ ಹಾಗೇ ಉಳಿಯಿತು.

ಅರಮನೆಯ ಬಾಗಿಲಲ್ಲಿ ಕಾವಲುಗಾರ ತಡೆದ. "ಹೂವು ಎಲ್ಲಿ?"

"ನಾನು ನೆಂಟಳಲ್ಲ. ನ್ಯಾಯ ಕೇಳೋಕೆ ಬಂದೆ."

"ಹೊಸಿಲು ದಾಟಿದ್ರೆ ನೆಂಟಳೇ. ಹೂವು ತೋರಿಸು."

ಈರನಾಗಮ್ಮ ಪಾತ್ರೆ ಕೆಳಗಿಟ್ಟು, ಎರಡೂ ಖಾಲಿ ಕೈ ಮುಂದೆ ಚಾಚಿದಳು. "ಇಗೋ. ಕಾಣದ ಹೂವು. ಮಂತ್ರಿಗಳೇ ಬಂದು ನೋಡಿ ಒಪ್ಪಿರೋದು. ಬೇಕಾದ್ರೆ ಇಲ್ಲ ಅನ್ನು."

ಕಾವಲುಗಾರ ನೋಡಿದ. ಇಲ್ಲ ಅಂದರೆ ಮಂತ್ರಿ ಸುಳ್ಳಾಗುತ್ತಾನೆ. ಇದೆ ಅಂದ. ಒಳಗೆ ಬಿಟ್ಟ. ಒಳಗೆ ಬಿಟ್ಟ ಮೇಲೆ ಕಾಯ್ದೆ ಕಾಯ್ದೆಯೇ. ಅರಮನೆಯಲ್ಲಿ ಅಡುಗೆ ಮಾಡುವ ಸಾಕಮ್ಮನನ್ನು ಕೂಗಿದರು. ಅವಳಾಗ ರಾಜನ ಮುದ್ದೆ ತಿರುವುತ್ತಿದ್ದಳು. ಊರಿನ ಯಾರ ಮನೆಯಲ್ಲೂ ಪಾತ್ರೆ ಉಳಿದಿರಲಿಲ್ಲವಾದ್ದರಿಂದ ರಾಜ ಅವತ್ತು ತನ್ನ ಮನೆಯಲ್ಲೇ ಉಣ್ಣುವ ಗತಿ ಬಂದಿತ್ತು. ಸಾಕಮ್ಮ ಕೋಲು ಬಿಟ್ಟು ಬಂದಳು. ಎರಡೂ ಕೈಯಲ್ಲಿ ಕಾಣದ ಹೂವನ್ನು ಈಸಿಕೊಂಡಳು. ಅಯ್ಯೋ ಇದೆಲ್ಲ ಯಾಕೆ ತರೋಕೆ ಹೋದ್ರಿ ಅಂತ ಮೂರು ಸಲ ಹೇಳಿದಳು. ಮೂರನೆಯ ಸಲ ಹೇಳುವಾಗ ಇಬ್ಬರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

ಒಳಗೆ ರಾಜನ ಮುದ್ದೆ ಗಂಟು ಕಟ್ಟಿತು.

ರಾಜ ಒಂದು ತುತ್ತು ಮುರಿದು ಬಾಯಿಗೆ ಹಾಕಿಕೊಂಡ. ಗಂಟು ಒಡೆಯಿತು. ಒಣಹಿಟ್ಟು ಗಂಟಲಿಗೆ ಹಾರಿತು. ಕೆಮ್ಮಿ ಕೆಮ್ಮಿ ಕಿರೀಟ ಸಾರಿನೊಳಗೆ ಬಿತ್ತು.

"ಏನಿದು?" ಅಂದ.

"ಗಂಟು, ಸ್ವಾಮಿ" ಅಂದಳು ಸಾಕಮ್ಮ. "ಊರಲ್ಲಿ ಹನ್ನೆರಡು ದಿನದಿಂದ ಇದನ್ನೇ ಉಣ್ತಿರೋದು."

ಸಭೆ ಸೇರಿತು. ಈರನಾಗಮ್ಮ ಪಾತ್ರೆ ಹಿಡಿದು ಮಧ್ಯದಲ್ಲಿ ನಿಂತಳು. ಅವಳಿಗೆ ಭಾಷಣ ಬರುತ್ತಿರಲಿಲ್ಲ.

"ಒಂದು ಮುದ್ದೆ" ಅಂದಳು. "ಬಿಸಿದು. ಕೂತು ಉಣ್ಣಬೇಕು. ಅಷ್ಟೇ."

"ಇವಳಿಗೆ ಹೂವು ಕಂಡರೆ ಆಗಲ್ಲ ಸ್ವಾಮಿ" ಅಂದ ಗವಿರಂಗಪ್ಪ. "ಏನಮ್ಮ, ಹೂವು ಚೆನ್ನಾಗಿಲ್ವಾ?"

"ಚೆನ್ನಾಗಿದೆ."

"ಮತ್ತೆ ಏನು ನಿನ್ನ ದೂರು?"

"ಗಿಡದಲ್ಲಿದ್ದಾಗ ಅದಕ್ಕೆ ನಾನು ಎಲೆ ಹಾಕ್ಬೇಕಿರ್ಲಿಲ್ಲ."

ಸಾಕ್ಷಿಗೆ ಸೇವಂತಿಗೆಯನ್ನು ತಂಬಿಗೆ ಸಮೇತ ತರಿಸಿದರು. ಹನ್ನೆರಡು ದಿನಕ್ಕೆ ಅದು ಕಂದು ಬಣ್ಣಕ್ಕೆ ತಿರುಗಿ ಕತ್ತು ಬಗ್ಗಿಸಿತ್ತು. "ನೀನು ಯಾಕೆ ಹೋಗಿ ಈಕೆಯ ಮನೆಯಲ್ಲಿ ಕೂತೆ?" ಅಂತ ರಾಜ ಕೇಳಿದ.

"ನನ್ನನ್ನು ಯಾರು ಕೇಳಿದರು ಸ್ವಾಮಿ?" ಅಂತು ಸೇವಂತಿಗೆ. ಅದರ ದನಿಯೂ ಸೋತಿತ್ತು. "ಬಿಸಿಲಲ್ಲಿ ಹಾಯಾಗಿದ್ದೆ. ಒಂದು ದುಂಬಿ ಬರ್ತಿತ್ತು, ಹೋಗ್ತಿತ್ತು. ಅದಕ್ಕೆ ನಾನೇ ಉಣ್ಣೋಕೆ ಹಾಕ್ತಿದ್ದೆ. ಕಿತ್ತು ತಂದು ತಂಬಿಗೆಗೆ ತುರುಕಿದರು. ಮಿಕ್ಕಿದ್ದೆಲ್ಲ ಹೋದ ಮೇಲೆ ಮರ್ಯಾದೆಯನ್ನಾದರೂ ಕೇಳಬೇಡವಾ?"

ಈರನಾಗಮ್ಮ ತನ್ನ ಸೆರಗಿನ ತುದಿಯಿಂದ ಅದರ ಮೇಲಿದ್ದ ಧೂಳು ಒರೆಸಿದಳು. "ಹೋಗ್ಲಿ ಬಿಡು" ಅಂದಳು. ಮಂತ್ರಿ ಇದನ್ನು ಬರೆದುಕೊಳ್ಳಲಿಲ್ಲ.

ರಾಜ ಯೋಚನೆ ಮಾಡಿದ. ಅವನ ಗಂಟಲಲ್ಲಿ ಹಿಟ್ಟು ಇನ್ನೂ ಇತ್ತು. ಕೊನೆಗೆ ಎದ್ದು ನಿಂತು ತೀರ್ಪು ಹೇಳಿದ.

"ಎರಡು ಕೈ ಬೇಡ. ಇನ್ನು ಮೇಲೆ ಹೂವನ್ನು ಒಂದೇ ಕೈಯಲ್ಲಿ ಈಸಿಕೊಂಡರೆ ಸಾಕು!"

ಸಭೆ ಬೆರಗಾಯಿತು. ಇಂಥ ದೊಡ್ಡ ಮನಸ್ಸು ಯಾವ ರಾಜನಿಗೂ ಇರಲಿಲ್ಲ ಅಂದರು. ಅರ್ಧಕ್ಕರ್ಧ ಕಷ್ಟ ಕಳೆಯಿತು ಅಂದರು. ಚಪ್ಪಾಳೆಯೋ ಚಪ್ಪಾಳೆ.

"ಎಡಗೈ ಆಗ್ಲಿ ಸ್ವಾಮಿ" ಅಂದಳು ಈರನಾಗಮ್ಮ ಚಪ್ಪಾಳೆಯ ನಡುವೆ. "ಬಲಗೈಲಿ ಹೆಂಗೋ ತಿರುವ್ಕೊತೀನಿ."

ಚಪ್ಪಾಳೆ ನಿಂತಿತು. "ಎಡಗೈ!" ಅಂದ ಮಂತ್ರಿ. "ಎಡಗೈಲಿ ಹೂವು ಈಸ್ಕೊಳೋದಾ! ನೆಂಟರಿಗೆ ಎಡಗೈ ಚಾಚೋದಾ! ಕೈ ಸಡಿಲ ಬಿಟ್ಟರೆ ಎಲ್ಲಿಗೆ ಬಂದು ನಿಲ್ತಾರೆ ನೋಡಿದಿರಾ ಸ್ವಾಮಿ?"

"ಬಲಗೈ" ಅಂದ ರಾಜ. "ಬಲಗೈಯೇ." ಮತ್ತೆ ಚಪ್ಪಾಳೆ.

ಈರನಾಗಮ್ಮನಿಗೆ ಹೇಳಿ ಸಾಕಾಗಿತ್ತು. ಪಾತ್ರೆ ಎತ್ತಿಕೊಂಡು, ಬಂದ ಬಾಗಿಲಿಗೆ ಹೋಗದೆ, ನೆಟ್ಟಗೆ ಅರಮನೆಯ ಅಡುಗೆಮನೆಗೆ ಹೋದಳು. ಸಾಕಮ್ಮ ಒಲೆಯ ಮುಂದೆ ಮಂಡಿ ಹಿಡಿದು ಕೂತಿದ್ದಳು.

"ಬಿಸಿ ಮುದ್ದೆ ಉಂಡು ಎಷ್ಟು ದಿನ ಆಯ್ತಕ್ಕ?" ಅಂತ ಕೇಳಿದಳು ಈರನಾಗಮ್ಮ.

"ದಿನ ಏನು ಬಂತು" ಅಂದಳು ಸಾಕಮ್ಮ. "ನನ್ನ ತಲೆ ಕರ್ರಗಿದ್ದಾಗ ಒಂದು ಸಲ ಉಂಡಿದ್ದೆ. ಆಮೇಲೆ ಎಲ್ಲ ತಂಗಳೇ. ಮಜ್ಜಿಗೆಗೆ ಕಿವುಚ್ಕೊಂಡು ಕುಡಿಯೋದು. ನಿಂದು?"

"ನನಗೂ ಜ್ಞಾಪಕ ಇಲ್ಲ."

"ನೀರಿಡ್ಲಾ?"

"ಇಡು."

ಸಾಕಮ್ಮ ಎದ್ದು ಬಾಗಿಲು ಹಾಕಿ ಅಗಣಿ ಜಡಿದಳು. ಈರನಾಗಮ್ಮನ ಪಾತ್ರೆ ಒಲೆ ಏರಿತು. ನೀರು ಕುದಿಯಿತು. ಹಿಟ್ಟು ಬಿತ್ತು. ಒಬ್ಬಳು ಕವೆಗೋಲು ತುಳಿದು ಹಿಡಿದಳು, ಇನ್ನೊಬ್ಬಳು ತಿರುವಿದಳು. ಹೊರಗೆ ಯಾರೋ, "ಹೂವು ಬಂದಿದೆ!" ಅಂತ ಕೂಗಿದರು. ಇವರು ತಿರುವಿದರು. "ಹೂವು ಬಾಡ್ತಿದೆ!" ಅಂತ ಕೂಗಿದರು. ಇವರು ತಿರುವಿದರು. ಹೂವು ಬಾಡಿತು. ಆಕಾಶ ಕಳಚಿ ಬೀಳಲಿಲ್ಲ. ಒಂದು ಹಲ್ಲಿ ಕೂಡ ಲೊಚಗುಟ್ಟಲಿಲ್ಲ.

"ಅಕ್ಕ, ಏನೂ ಆಗ್ಲಿಲ್ವಲ್ಲ" ಅಂದಳು ಈರನಾಗಮ್ಮ.

"ನಾನೂ ಅದನ್ನೇ ನೋಡ್ತಿದೀನಿ" ಅಂದಳು ಸಾಕಮ್ಮ.

ಒಂದೂ ಗಂಟಿಲ್ಲದ ಎರಡು ಮುದ್ದೆಗಳಾದವು. ನುಣ್ಣಗೆ, ಹೊಳೆಯುತ್ತ, ಹೊಗೆಯಾಡುತ್ತ. ಹುರುಳಿಕಾಳಿನ ಸಾರು ಬಿಟ್ಟರು. ಎದುರುಬದುರು ಕೂತರು. ಕೂತರು ಅಂತ ಹೇಳಿದೆ, ಕೇಳಿಸಿತಾ? ಇಬ್ಬರೂ ಕಾಲು ಚಾಚಿಕೊಂಡರು. ಮಂಡಿಗಳು ಲಟಕ್ ಅಂದವು. ಈರನಾಗಮ್ಮ ಮುದ್ದೆಗೆ ಬೆರಳು ಹಾಕಿದಳು. ಬೆರಳು ಸುಟ್ಟಿತು. ಅವಳಿಗೆ ನಗು ಬಂತು. ಒಂದು ತುತ್ತು ಮುರಿದು, ಉರುಟು ಮಾಡಿ, ಸಾರಿನಲ್ಲಿ ಅದ್ದಿ, ಬಾಯಿಯ ಹತ್ತಿರ ತಂದಳು.

ಬಾಗಿಲು ದಡದಡ ಅಂತು.

"ಈರನಾಗಮ್ಮ! ಬಾಗಿಲು ತೆಗಿಯಮ್ಮ!" ಇಡೀ ಊರು ಬಂದು ನಿಂತಿತ್ತು. ಮುಂದೆ ಓಬಯ್ಯ, ಪಕ್ಕದಲ್ಲಿ ಚೌಡಪ್ಪ, ಹಿಂದೆ ರಾಜ, ಮಂತ್ರಿ. ಎಲ್ಲರ ಕೈಯಲ್ಲೂ ಹೂವು. "ನಿನ್ನಿಂದ ಊರಿಗೆ ಎಂಥ ಒಳ್ಳೆ ಕಾಯ್ದೆ ಬಂತಮ್ಮ! ಸನ್ಮಾನ ಮಾಡೋಕೆ ಬಂದಿದೀವಿ. ಬಾ, ಬಲಗೈ ಚಾಚು!"

"ಉಣ್ತಿದೀನಿ" ಅಂದಳು ಅವಳು ಒಳಗಿಂದ.

"ಊಟ ಎಲ್ಲಿ ಓಡಿ ಹೋಗುತ್ತೆ? ಹೂವು ಬಾಡುತ್ತೆ! ಒಂದೇ ಕೈ ಸಾಕು ಅಂದಿದೀವಲ್ಲ, ಇನ್ನೂ ಏನು?" ಎಂದು ಭುಜ ಕೊಟ್ಟು ನೂಕಿದರು. ಅಗಣಿ ಕಿತ್ತು ಬಂತು. ಬಾಗಿಲು ತೆರೆಯಿತು. ಅವಳ ಬಲಗೈಯಲ್ಲಿ ತುತ್ತಿತ್ತು.

ಅಷ್ಟೇ. ಕತೆ ಇಲ್ಲಿ ನಿಂತಿದೆ. ಮುಗಿದಿಲ್ಲ, ನಿಂತಿದೆ. ತುತ್ತು ಅವಳ ಬಾಯಿಂದ ಒಂದು ಗೇಣು ದೂರದಲ್ಲಿದೆ. ಹೂವು ಅವಳ ಮುಖದಿಂದ ಒಂದು ಗೇಣು ದೂರದಲ್ಲಿದೆ. ಸಾಕಮ್ಮ ಅವಳನ್ನು ನೋಡುತ್ತಿದ್ದಾಳೆ. ಮುದ್ದೆಯ ಹೊಗೆ ಕಡಿಮೆಯಾಗುತ್ತಿದೆ. ಮುಂದೆ ಏನಾಯಿತು ಅಂತ ಪ್ರತಿಸಲವೂ ಯಾರಾದರೂ ಕೇಳುತ್ತಾರೆ. ನನಗೇನು ಗೊತ್ತು? ಆ ಬಾಗಿಲಲ್ಲಿ ನಿಂತಿರುವವರು ನೀವು.

ಹೂವು ಒಳ್ಳೆಯ ಉಡುಗೊರೆಯೋ ಅಲ್ಲವೋ ಅಂತ ನನ್ನನ್ನು ಕೇಳಬೇಡಿ. ಅವಳು ಉಂಡು ಕೈ ತೊಳೆದ ಮೇಲೆ ಅವಳನ್ನೇ ಕೇಳಿ. ಈಗ ಕೈಯಲ್ಲಿರುವುದನ್ನು ಕೆಳಗಿಡಿ. ಕೊಡ ತಗೊಂಡು ಬಾವಿಗೆ ಹೋಗಿ. ಬಾಗಿಲಿಂದ ಸರಿಯಿರಿ. ಅವಳು ನುಂಗಲಿ.